ಹೂಂ ಅನ್ನದ ಯಂತ್ರ

ಮಾರ್ಚ್ ೪, ಸೋಮವಾರ

ನನಗೆ ಕಥೆ ಹೇಳುವ ಚಟ. ಅಜ್ಜಿಯಿಂದ ಬಂದದ್ದು. ಆದರೆ ಕಥೆಗೆ ಹೂಂ ಅನ್ನುವವರು ಬೇಕು. ಅಜ್ಜಿ ಹೇಳುವಾಗ ಹೂಂ ಅನ್ನುತ್ತಿದ್ದವನು ತಮ್ಮ. ಹೂಂ ನಿಂತಿತೆಂದರೆ ಅವನು ನಿದ್ದೆ ಹೋದನೆಂದು ಅರ್ಥ. ಅಜ್ಜಿ ಅಲ್ಲಿಗೇ ಕಥೆ ನಿಲ್ಲಿಸಿ ಅವನ ಮೇಲೆ ಹೊದಿಕೆ ಎಳೆಯುತ್ತಿದ್ದಳು. ಈಗ ಅಜ್ಜಿ ಇಲ್ಲ. ತಮ್ಮ ಆಸ್ಪತ್ರೆ ಸೇರುವವನಿದ್ದಾನೆ. ಹಾಗಾಗಿ ಈ ಪುಸ್ತಕ. ಇದು ಹೂಂ ಅನ್ನುವುದಿಲ್ಲ ನಿಜ, ಆದರೆ ನಿದ್ದೆಯೂ ಹೋಗುವುದಿಲ್ಲ.

ಇವತ್ತಿನ ಸುದ್ದಿ: ಕರಿಯಜ್ಜನನ್ನು ತೆಗೆಯುತ್ತಾರಂತೆ.

ಕರಿಯಜ್ಜ ಅಂದರೆ ನನ್ನ ಕೋಣೆಯ ಹಳೆಯ ಕಂಪ್ಯೂಟರ್. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಒಂದು ಕಡೆ ಬಟ್ಟೆ ಒಗೆಯುವ ಯಂತ್ರಗಳ ಗುಡುಗು, ಇನ್ನೊಂದು ಕಡೆ ಶೀತಲ ಕೋಣೆ, ನಡುವೆ ನಾನು ಮತ್ತು ಅವನು. ಕಪ್ಪು ಪರದೆ, ಹಸಿರು ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಇಲ್ಲ. ಏನಿದ್ದರೂ ಅಪ್ಪಣೆಯನ್ನು ಬೆರಳಚ್ಚು ಮಾಡಿ ಹೇಳಬೇಕು. ಅಪ್ಪಣೆಗಳೂ ಎರಡಕ್ಷರದವು. ನನಗೆ ಕೆಲಸ ಕಲಿಸಿದವರು ಅದರ ಕಾರಣ ಹೇಳಿದ್ದರು: ಇವನ ಮುತ್ತಜ್ಜಂದಿರ ಕಾಲದಲ್ಲಿ ಪರದೆಯೇ ಇರಲಿಲ್ಲವಂತೆ. ಬೆರಳು ನೋಯುವಷ್ಟು ಗಟ್ಟಿ ಕೀಲಿಗಳು, ಉತ್ತರವೆಲ್ಲ ಕಾಗದದ ಸುರುಳಿಯ ಮೇಲೆ ಟಪಟಪ ಬಡಿದುಕೊಂಡು ಬರಬೇಕು. ಅದಕ್ಕೇ ಹೇಳುವವರೂ ಚುಟುಕಾಗಿ ಹೇಳಿದರು, ಯಂತ್ರವೂ ಸುಮ್ಮನೆ ಬಾಯಿ ಬಿಡಬಾರದೆಂದು ಕಲಿಯಿತು. ಕಾಗದ ಹೋಯಿತು, ಕಲಿತದ್ದು ಉಳಿಯಿತು.

ಕೆಲಸ ಸರಿಯಾಗಿ ಆದರೆ ಕರಿಯಜ್ಜ ಏನೂ ಹೇಳುವುದಿಲ್ಲ. ಮುಂದಿನ ಸಾಲಿಗೆ ಬಂದು ಕಣ್ಣು ಮಿಟುಕಿಸುತ್ತ ನಿಲ್ಲುತ್ತಾನೆ, ಅಷ್ಟೆ. ತಪ್ಪಾದರೆ ಮಾತ್ರ ಮಾತು. ‘ಅವನು ಸುಮ್ಮನಿದ್ದಾನೆ ಅಂದ್ರೆ ನೀವೂ ಸುಮ್ಮನೆ ಮನೆಗೆ ಹೋಗಬಹುದು’ ಅನ್ನುತ್ತಿದ್ದರು ನನ್ನ ಗುರುಗಳು. ನಾನು ಹಾಗೆಯೇ ಬದುಕಿದ್ದೇನೆ.

ಅವನ ದೊಡ್ಡ ಕೆಲಸ ಕಾವಲು. ಶೀತಲ ಕೋಣೆಯಲ್ಲಿ ಎರಡು ಫ್ರೀಜರುಗಳಿವೆ. ಆಗಾಗ ಅವುಗಳ ತಂಪನ್ನು ಮುಟ್ಟಿ ನೋಡಿ, ಏರುಪೇರಾದರೆ ನನ್ನ ಪರದೆಯ ಮೇಲೆ ಕೂಗಿ, ಗೇಟಿನ ಕಾವಲುಗಾರನ ಕೋಣೆಯಲ್ಲಿ ಗಂಟೆ ಬಡಿಯುತ್ತಾನೆ. ಫ್ರೀಜರುಗಳಿಗೇ ಒಂದೊಂದು ಗಂಟೆಯಿತ್ತು. ಬಾಗಿಲು ತೆಗೆದಾಗಲೆಲ್ಲ ಅರಚುತ್ತದೆಂದು ಯಾರೋ ಎಂದೋ ಅದರ ತಂತಿ ಕಿತ್ತಿದ್ದಾರೆ. ಕರಿಯಜ್ಜ ಇದ್ದಾನಲ್ಲ!

ಆ ಫ್ರೀಜರುಗಳಲ್ಲಿ ಈಗ ನನ್ನ ತಮ್ಮನೂ ಇದ್ದಾನೆ. ಅವನ ಮೂಳೆಯ ಮಜ್ಜೆ ಕೆಟ್ಟಿದೆ. ಮೊದಲಿನ ಔಷಧಕ್ಕೆ ರೋಗ ತಗ್ಗಿದಾಗ ರಕ್ತದಿಂದ ಒಳ್ಳೆಯ ಕೋಶಗಳನ್ನು ಸೋಸಿ ತೆಗೆದು ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ. ಡಾಕ್ಟರಮ್ಮ ಅದಕ್ಕೆ ಬಿತ್ತನೆ ಬೀಜ ಅನ್ನುತ್ತಾರೆ. ‘ನೋಡಮ್ಮ, ಮೊದಲು ಕಟುವಾದ ಔಷಧ ಕೊಟ್ಟು ಹೊಲದಲ್ಲಿರೋ ಕಳೆಯನ್ನೆಲ್ಲ ಸುಡ್ತೀವಿ. ಪೈರೂ ಸುಡುತ್ತೆ. ಆಮೇಲೆ ಇವನದೇ ಬೀಜ ತಂದು ಬಿತ್ತುತ್ತೀವಿ.’ ಬೀಜ ಇಲ್ಲದಿದ್ದರೆ ಅಂತ ನಾನು ಕೇಳಲಿಲ್ಲ. ಹಳ್ಳಿಯವಳು, ಗೊತ್ತಾಗುತ್ತದೆ.

ಬೀಜದ ಚೀಲಗಳನ್ನು ಲ್ಯಾಬಿನವಳು ಅರ್ಧ ಈ ಫ್ರೀಜರಿಗೆ, ಅರ್ಧ ಆ ಫ್ರೀಜರಿಗೆ ಹಂಚಿ ಇಟ್ಟಿದ್ದಾಳೆ. ಅವಳದು ಹಾಗೇ ರೂಢಿಯಂತೆ.

ಮಾರ್ಚ್ ೭, ಗುರುವಾರ

ಹೊಸ ಕಂಪ್ಯೂಟರಿನ ಜೊತೆ ಗುತ್ತಿಗೆ ಕಂಪನಿಯವರೊಬ್ಬರು ಬಂದಿದ್ದಾರೆ. ನಲವತ್ತರ ಆಸುಪಾಸು, ಒಳ್ಳೆಯ ಮನುಷ್ಯ, ಬೆವರು ಜಾಸ್ತಿ. ಪರದೆಯ ಮೇಲೆ ಏನು ಬಂದರೂ ಓದದೆ ‘ಸರಿ’ ಒತ್ತುತ್ತಾರೆ. ಅವರಿಗೆ ಸರಿಯಣ್ಣ ಅಂತ ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ.

ಹೊಸದು ಬಾಯಿಬಡುಕ. ಒಂದು ಕಡತ ಅಳಿಸಲು ಹೋದರೆ ‘ಖಂಡಿತವಾಗಿಯೂ ಅಳಿಸಬೇಕೆ?’ ಅನ್ನುತ್ತದೆ. ಹೂಂ ಅಂದರೆ ಕಸದಬುಟ್ಟಿಗೆ ಹಾಕಿ ಅಲ್ಲೇ ಇಟ್ಟುಕೊಳ್ಳುತ್ತದೆ. ಬುಟ್ಟಿ ಖಾಲಿ ಮಾಡಲು ಹೋದರೆ ಮತ್ತೆ ‘ಖಂಡಿತವೇ?’ ಕರಿಯಜ್ಜನಿಗೆ ಅಳಿಸು ಅಂದರೆ ಅಳಿಸಿದ, ಮುಗಿಯಿತು.

‘ಇದೇನ್ರೀ, ಮದುವೆಗೆ ಬಂದ ಅತ್ತೆ ಥರ ಪ್ರತಿಯೊಂದಕ್ಕೂ ಕೇಳುತ್ತೆ?’ ಅಂದೆ.

‘ಬಳಸೋರಿಗೆ ಅನುಕೂಲ ಆಗ್ಲಿ ಅಂತ, ಮೇಡಂ.’

‘ನನಗೆ ಅನುಕೂಲ ಬೇಡ, ನೆಮ್ಮದಿ ಬೇಕು.’

ಸರಿಯಣ್ಣ ನಕ್ಕರು. ಇದರೊಳಗೂ ಒಂದು ಕಪ್ಪು ಕಿಟಕಿ ಇದೆ, ಬೆರಳಚ್ಚು ಮಾಡಿಯೇ ಅಪ್ಪಣೆ ಕೊಡಬಹುದು ಎಂದು ತೆರೆದು ತೋರಿಸಿದರು. ಆಸೆಯಿಂದ ಕೂತೆ. ಮುಖ ಅದೇ, ಭಾಷೆ ಬೇರೆ. ಕಡತಗಳ ಪಟ್ಟಿ ಕೇಳುವ ನನ್ನ ಎರಡಕ್ಷರಕ್ಕೆ ಅದು ‘ಇಂಥದ್ದು ನನಗೆ ಗೊತ್ತಿಲ್ಲ’ ಅಂದಿತು. ಕಡತ ಎಲ್ಲಿದೆ ಎಂದು ದಾರಿ ಬರೆಯುವಾಗ ಹಾಕುವ ಓರೆಗೀಟು ಕರಿಯಜ್ಜನಲ್ಲಿ ಬಲಕ್ಕೆ ವಾಲಿದರೆ ಇದರಲ್ಲಿ ಎಡಕ್ಕೆ. ದೂರದ ನೆಂಟರ ಮನೆಗೆ ಹೋದ ಹಾಗೆ: ಮೂಗು ನಮ್ಮದೇ, ನೀರಿನ ಲೋಟ ಎಲ್ಲಿದೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಸಂಜೆ ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ‘ಅಕ್ಕ, ನೀನು ಅದರ ಜೊತೆ ಜಗಳ ಆಡ್ಬೇಡ. ನನ್ನ ಬೀಜ ಇದೆ ಅದರ ಹತ್ರ.’

ಮಾರ್ಚ್ ೧೩, ಬುಧವಾರ

ಕಾವಲಿನ ಕೆಲಸ ಇವತ್ತು ಹೊಸದಕ್ಕೆ ವರ್ಗವಾಯಿತು. ಕರಿಯಜ್ಜನಲ್ಲಿದ್ದ ಸಾಲುಗಳನ್ನು ನಾನು ಒಂದೊಂದಾಗಿ ಓದಿ ಅರ್ಥ ಹೇಳಿದೆ, ಸರಿಯಣ್ಣ ಹೊಸದರ ಭಾಷೆಗೆ ತಿರುಗಿಸಿದರು. ಯಾವ ಹೊತ್ತಿಗೆ ನಡೆಯಬೇಕೆಂದು ಹೇಳಲು ಇದರಲ್ಲಿ ಒಂದು ಫಾರಂ ಬರುತ್ತದೆ. ಹೆಸರು, ಸಮಯ, ಇನ್ನೇನೇನೋ. ನನ್ನ ಹೆಸರಿನಲ್ಲೇ ತುಂಬಿದೆವು. ಕೊನೆಯಲ್ಲಿ ಸರಿ.

‘ಒಂದು ಸಲ ಪರೀಕ್ಷೆ ಮಾಡಲೇಬೇಕು’ ಅಂದೆ. ಲ್ಯಾಬಿನವಳು ಫ್ರೀಜರಿನ ಖಾಲಿ ಖಾನೆಯಲ್ಲಿದ್ದ, ತಂಪು ಅಳೆಯುವ ಮಾಪಕವನ್ನು ಹೊರಗೆ ಎಳೆದು ಹಿಡಿದಳು. ನಾವೆಲ್ಲ ಪರದೆ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ನನ್ನ ಪರದೆಯ ಮೇಲೆ ಕೆಂಪು ಸಾಲು, ಗೇಟಿನಲ್ಲಿ ಗಂಟೆ. ಕಾವಲುಗಾರ ಓಡಿ ಬಂದು ‘ಏನಾಯ್ತು, ಏನಾಯ್ತು’ ಅಂದಾಗ ನಾನು ಚಪ್ಪಾಳೆ ತಟ್ಟಿದೆ. ಮಾಪಕವನ್ನು ಒಳಗಿಟ್ಟ ಮೇಲೆ ಹೊಸದೂ ಸುಮ್ಮನಾಯಿತು.

ಬಾಯಿಬಡುಕನಾದರೂ ಈ ಒಂದು ವಿಷಯದಲ್ಲಿ ಅಜ್ಜನ ಗುಣ ಬಂದಿದೆ.

ಕರಿಯಜ್ಜನನ್ನು ಆರಿಸುವ ಅಪ್ಪಣೆಯನ್ನು ನಾನೇ ಕೊಟ್ಟೆ. ಕಣ್ಣು ಮಿಟುಕಿಸುವುದು ನಿಂತಿತು. ಖಂಡಿತವೇ ಅಂತ ಅವನು ಕೇಳಲಿಲ್ಲ.

ಆಮೇಲೆ ಎಂದಿನಂತೆ ಹೊಸದರಿಂದಲೂ ಲಾಗೌಟ್ ಆಗಿ, ಕುರ್ಚಿ ಒಳಗೆ ತಳ್ಳಿ, ಮನೆಗೆ ಬಂದೆ. ಎದ್ದು ಬರುವಾಗ ಲಾಗೌಟ್ ಆಗದೆ ಬರುವುದೆಂದರೆ ನನಗೆ ಬಾಗಿಲು ಹಾರುಹೊಡೆದು ಬಂದ ಹಾಗೆ. ಗುರುಗಳು ಹೇಳಿಕೊಟ್ಟ ಶಿಸ್ತು ಅದು.

ಮಾರ್ಚ್ ೨೨, ಶುಕ್ರವಾರ

ತಮ್ಮನನ್ನು ಗಾಜಿನ ಕೋಣೆಗೆ ಸೇರಿಸಿದರು. ಸೋಂಕು ತಗಲಬಾರದೆಂದು ಇನ್ನು ನಾವು ಒಳಗೆ ಹೋಗುವಂತಿಲ್ಲ. ಗಾಜಿನ ಆಚೆ ಅವನು, ಈಚೆ ನಾನು, ಮಾತಿಗೆ ಎರಡೂ ಕಡೆ ಒಂದೊಂದು ಫೋನು.

ಅವನು ಬಣ್ಣ ಬಳಿಯುವವನು. ಮದುವೆಯಾಗಲಿಲ್ಲ, ಕೇಳಿದವರಿಗೆ ‘ಇಡೀ ಊರಿನ ಗೋಡೆಗಳನ್ನು ಕಟ್ಟಿಕೊಂಡಿದ್ದೀನಿ, ಇನ್ನೊಬ್ಬಳಿಗೆ ಜಾಗ ಎಲ್ಲಿ’ ಅನ್ನುತ್ತಾನೆ. ಕೋಣೆಗೆ ಹೋದವನೇ ಫೋನು ಎತ್ತಿದ.

‘ಅಕ್ಕ, ಈ ಹಸಿರು ಯಾರು ಆರಿಸಿದ್ದು?’

‘ಯಾಕೋ?’

‘ಇದನ್ನ ನೋಡಿನೇ ಜನ ಸಾಯ್ತಾರೆ, ರೋಗದಿಂದ ಅಲ್ಲ. ಒಂದೇ ಕೈ ಬಳಿದಿದ್ದಾರೆ ಕಳ್ಳರು. ಮೂಲೇಲಿ ಹಳೇ ಹಳದಿ ಕಾಣ್ತಿದೆ ನೋಡು. ವಾಸಿಯಾದ ಮೇಲೆ ನಾನೇ ಬಂದು ಬಳೀತೀನಿ ಅಂತ ಹೇಳು ನಿಮ್ಮ ಡಾಕ್ಟರಮ್ಮನಿಗೆ.’

ನಾಳೆ ಔಷಧ. ಸೋಮವಾರ ಬೀಜ.

ಮಾರ್ಚ್ ೨೩, ಶನಿವಾರ

ಔಷಧ ಕೊಟ್ಟರು. ಬಾಯಿತುಂಬ ಮಂಜುಗಡ್ಡೆ ಹಾಕಿಕೊಂಡು ಕೂತಿದ್ದ, ಬಾಯಿ ಹುಣ್ಣಾಗದಿರಲಿ ಅಂತ. ಮಾತಾಡಲಾಗದೆ ಕೈಸನ್ನೆಯಲ್ಲೇ ನನ್ನ ಸೀರೆಯ ಬಣ್ಣ ಚೆನ್ನಾಗಿಲ್ಲ ಅಂದ. ಇನ್ನು ಹಿಂದಕ್ಕೆ ಹೋಗುವಂತಿಲ್ಲ ಎಂದರು ಡಾಕ್ಟರಮ್ಮ. ಯಾಕೆ ಹೋಗಬೇಕು? ಮುಂದೆ ಬೀಜ ಇದೆ.

ಮಧ್ಯಾಹ್ನ ಫೋನಿನಲ್ಲಿ ‘ಸಮುದ್ರಕ್ಕೆ ಬಣ್ಣ ಬಳಿಯಲು ಹೋದವನ ಕಥೆ ಹೇಳಕ್ಕ’ ಅಂದ. ಅಜ್ಜಿಯ ಕಥೆ. ಒಬ್ಬ ರಾಜ, ಅವನಿಗೆ ಸಮುದ್ರದ ನೀಲಿ ಬೇಸರವಾಯಿತು. ಬಣ್ಣದವನನ್ನು ಕರೆಸಿ ಇದನ್ನು ಕೆಂಪು ಮಾಡು ಅಂದ. ಅವನು ಕುಂಚ ಹಿಡಿದು ಹೋಗಿ ಒಂದು ಅಲೆಗೆ ಬಳಿದ. ಅದು ಮಗುಚಿಕೊಂಡಿತು. ಇನ್ನೊಂದಕ್ಕೆ ಬಳಿದ. ಪ್ರತಿ ಅಲೆಗೂ ಒಂದು ಹೂಂ. ಈ ಕಥೆ ಕೇಳಿಯೇ ಅವನು ಬಣ್ಣದವನಾದದ್ದು ಅಂತ ನನ್ನ ಗುಮಾನಿ.

ಸ್ವಲ್ಪ ಹೊತ್ತಿಗೆ ಹೂಂ ನಿಂತಿತು. ಫೋನನ್ನು ಎದೆಯ ಮೇಲಿಟ್ಟುಕೊಂಡೇ ನಿದ್ದೆ ಹೋಗಿದ್ದ. ಸಮಾಧಾನವಾಯಿತು.

ಕೆಳಗೆ ಹೋಗಿ ನೋಡಿ ಬರೋಣವೇ ಅನ್ನಿಸಿತು. ಶನಿವಾರ ನನ್ನ ಕೋಣೆಗೆ ಬೀಗ. ಗೇಟಿನಲ್ಲಿ ಕಾವಲುಗಾರನನ್ನು ಕೇಳಿದೆ. ‘ಗಂಟೆ ಗಿಂಟೆ ಏನೂ ಇಲ್ಲಮ್ಮ, ಆರಾಮ’ ಅಂದ. ಮನೆಗೆ ಬಂದೆ.

ಮಾರ್ಚ್ ೨೫, ಸೋಮವಾರ

ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಲಾಗಿನ್ ಆದೆ. ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ. ಕೆಂಪು ಸಾಲು. ಗೇಟಿನಲ್ಲಿ ಗಂಟೆ.

ಒಂದನೆಯ ಫ್ರೀಜರು ಬೆಚ್ಚಗಿತ್ತು. ಬಾಗಿಲು ತೆಗೆದರೆ ನೀರು ಸೋರಿ ನನ್ನ ಕಾಲ ಮೇಲೆ ಬಿತ್ತು. ಚೀಲಗಳು ಮೆತ್ತಗಿದ್ದವು.

ಎರಡನೆಯದು ಸರಿ ಇದೆ.

ಬರೆಯಲಾರೆ.

ಮಾರ್ಚ್ ೨೬, ಮಂಗಳವಾರ

ಫ್ರೀಜರು ಶನಿವಾರ ಸಂಜೆಯೋ ಭಾನುವಾರವೋ ಕೆಟ್ಟಿದೆ. ಕಾವಲು ಕೂಗಲಿಲ್ಲ, ಏಕೆಂದರೆ ಕಾವಲು ಇರಲೇ ಇಲ್ಲ. ಸರಿಯಣ್ಣ ಆ ಫಾರಂ ತೆರೆದು ತೋರಿಸಿದರು. ಅದರಲ್ಲೊಂದು ಸಾಲು: ‘ಈ ಬಳಕೆದಾರರು ಲಾಗಿನ್ ಆಗಿರುವಾಗ ಮಾತ್ರ ನಡೆಸು.’ ಅದರ ಮುಂದಿನ ಚುಕ್ಕೆ ಮೊದಲೇ ತುಂಬಿಕೊಂಡಿರುತ್ತದಂತೆ. ಬೇಡವಾದರೆ ನಾವು ಬದಲಿಸಬೇಕಂತೆ.

ಕರಿಯಜ್ಜನಿಗೆ ಒಂದು ಕೆಲಸ ಒಪ್ಪಿಸಿದರೆ ನಾನು ಇದ್ದರೂ ಸೈ, ಮನೆಗೆ ಹೋದರೂ ಸೈ, ಅವನು ಮಾಡುತ್ತಲೇ ಇರುತ್ತಿದ್ದ. ಇದು ನಾನು ಕೂತಿದ್ದಾಗ ಮಾತ್ರ ಕಾಯುತ್ತಿತ್ತು. ನಾನು ಲಾಗೌಟ್ ಆಗಿ ಎದ್ದರೆ ಅದೂ ಎದ್ದು ಹೋಗುತ್ತಿತ್ತು. ಪ್ರತಿ ಸಂಜೆ. ಅದು ಸುಮ್ಮನಿದ್ದದ್ದನ್ನು ನಾನು ನೆಮ್ಮದಿ ಅಂದುಕೊಂಡೆ.

ನಿನ್ನೆ ಉಳಿದ ಅರ್ಧ ಬೀಜವನ್ನೇ ಕೊಟ್ಟಿದ್ದಾರೆ. ‘ಅರ್ಧದಲ್ಲೂ ಚಿಗುರಿದ್ದು ನೋಡಿದ್ದೀನಿ’ ಅಂದರು ಡಾಕ್ಟರಮ್ಮ. ಚಿಗುರದೆ ಹೋದದ್ದನ್ನೂ ನೋಡಿರುತ್ತಾರೆ, ಹೇಳಲಿಲ್ಲ.

ತಮ್ಮನಿಗೆ ನಾನೇ ಹೇಳುತ್ತೇನೆ ಅಂದೆ. ಗಾಜಿನ ಮುಂದೆ ನಿಂತು ಎಲ್ಲ ಹೇಳಿದೆ, ಕುರ್ಚಿ ಒಳಗೆ ತಳ್ಳಿ ಬಂದದ್ದನ್ನೂ. ಅವನು ಆ ಹಸಿರು ಗೋಡೆಯ ಕಡೆ ತಿರುಗಿದ.

‘ಅಂದ್ರೆ ಅರ್ಧ ಡಬ್ಬ ಬಣ್ಣದಲ್ಲಿ ಪೂರ್ತಿ ಮನೆ ಬಳೀಬೇಕು ಅನ್ನು.’

ನಾನು ಅತ್ತೆ.

‘ಅಳ್ಬೇಡ ಕಣಕ್ಕ. ಎಷ್ಟು ಸಲ ಮಾಡಿಲ್ಲ? ಸ್ವಲ್ಪ ನೀರು ಬೆರೆಸಿದ್ರೆ ಆಯ್ತು. ಮಾಲೀಕರು ಹತ್ತಿರ ಬಂದು ನೋಡದಿದ್ರೆ ಸಾಕು.’

ಆಮೇಲೆ ನಾನು ಏನು ಹೇಳಿದರೂ ಹೂಂ ಅಂದ. ಬರೀ ಹೂಂ.

ಮಾರ್ಚ್ ೨೮, ಗುರುವಾರ

ಮೇಲಿನವರು ಸಭೆ ಕರೆದರು. ಉದ್ದ ಮೇಜು, ಎಲ್ಲರ ಮುಂದೆ ನೀರಿನ ಬಾಟಲಿ. ಪರೀಕ್ಷೆ ಮಾಡಿದ್ದಿರಾ? ಮಾಡಿದ್ದೆವು. ಗಂಟೆ ಹೊಡೆಯಿತಾ? ಹೊಡೆಯಿತು. ಆಗ ನಾನು ಲಾಗಿನ್ ಆಗಿದ್ದೆನಲ್ಲ.

‘ಸಂಜೆ ಲಾಗೌಟ್ ಆಗೋದು ನಿಯಮ ತಾನೆ?’ ಎಂದರು ಅಧ್ಯಕ್ಷರು.

‘ಹೌದು.’

‘ಹಾಗಾದ್ರೆ ನಿಮ್ಮ ತಪ್ಪಿಲ್ಲ.’

ಸರಿಯಣ್ಣನವರ ತಪ್ಪೂ ಇಲ್ಲವಂತೆ. ಮೊದಲೇ ತುಂಬಿದ ಚುಕ್ಕೆ. ಗಂಟೆಯ ತಂತಿ ಕಿತ್ತವರು ಯಾರೆಂದು ಯಾರಿಗೂ ಗೊತ್ತಿಲ್ಲ. ಯಾರಾದರೂ ನನ್ನನ್ನು ಬಯ್ಯಲಿ ಅಂತ ಕಾದೆ. ಎಲ್ಲರೂ ನೀರು ಕುಡಿದು ಎದ್ದರು.

ಹೊರಗೆ ಮೆಟ್ಟಿಲ ಮೇಲೆ ಸರಿಯಣ್ಣ ಒಬ್ಬರೇ ಕೂತಿದ್ದರು. ‘ಓದ್ಬೇಕಿತ್ತು ಮೇಡಂ’ ಅಂದರು. ನಾನೂ ಪಕ್ಕದಲ್ಲಿ ಕೂತೆ.

ಏಪ್ರಿಲ್ ೩, ಬುಧವಾರ

ರಜೆ ಹಾಕಿದ್ದೇನೆ. ದಿನಾ ಬೆಳಿಗ್ಗೆ ರಕ್ತ ತೆಗೆಯುತ್ತಾರೆ, ಬಿಳಿಯ ಕಣಗಳು ಏರಿದವೇ ಎಂದು ನೋಡಲು. ಏರಿಲ್ಲ. ಇನ್ನೂ ಕಾಲವಿದೆ ಅನ್ನುತ್ತಾರೆ.

ನರ್ಸಮ್ಮನನ್ನು ಕೇಳಿದೆ: ಕೈ ತೊಳೆದಿರಾ? ತೊಳೆದರಂತೆ. ಸೋಪಿನಲ್ಲಿ ತಾನೆ? ಹೌದಂತೆ. ಅವನ ಹೆಸರಿನ ಚೀಲವನ್ನೇ ಹಾಕಿದಿರಾ? ಓದಿದಿರಾ? ಅವರು ಒಂದು ತರಹ ನೋಡಿದರು. ಈ ಕಾಲದವರಿಗೆ ಕೇಳಿದರೆ ಕೋಪ.

ತಮ್ಮನ ಬಾಯಿ ಹುಣ್ಣಾಗಿದೆ. ಕೂದಲು ದಿಂಬಿನ ಮೇಲಿದೆ.

‘ಹೇಗಿದ್ದೀಯೋ?’

‘ಇದ್ದೀನಿ.’

‘ನೋವಿದೆಯಾ?’

‘ಇಲ್ಲ.’

‘ನಿಜವಾಗ್ಲೂ ಇಲ್ವಾ?’

‘ಅಕ್ಕ, ಗಾಜು ಬೆವೆತಿದೆ, ಸ್ವಲ್ಪ ಹಿಂದಕ್ಕೆ ನಿಲ್ಲು.’

ಏಪ್ರಿಲ್ ೯, ಮಂಗಳವಾರ

ಜ್ವರ. ಕಣ ಏರಿಲ್ಲ.

ಮಧ್ಯಾಹ್ನ ಅವನೇ ಫೋನು ಎತ್ತಿದ. ಎತ್ತುವುದಕ್ಕೆ ಎರಡು ಸಲ ಪ್ರಯತ್ನಿಸಿದ.

‘ಅಕ್ಕ, ಸಮುದ್ರದ ಕಥೆ.’

ಹೇಳಿದೆ. ಒಂದು ಅಲೆಗೆ ಬಳಿದ. ಹೂಂ. ಅದು ಮಗುಚಿಕೊಂಡಿತು. ಹೂಂ. ಹೂಂ ಬರುವುದು ತುಸು ತಡವಾದರೆ ‘ಕೇಳ್ತಿದ್ದೀಯಾ?’ ಅನ್ನುತ್ತಿದ್ದೆ. ‘ಎಚ್ಚರ ಇದ್ದೀಯಾ?’ ಅನ್ನುತ್ತಿದ್ದೆ.

‘ಅಜ್ಜಿ ಹೀಗೆಲ್ಲ ಕೇಳ್ತಿರಲಿಲ್ಲ’ ಅಂದ.

‘ಆಯ್ತು, ಕೇಳಲ್ಲ.’

‘ಕೊನೇಲಿ ಏನಾಗುತ್ತಕ್ಕ? ನಾನು ಯಾವತ್ತೂ ಅಷ್ಟು ದೂರ ಹೋಗ್ಲೇ ಇಲ್ಲ. ನೀನು ಎಚ್ಚರ ಇರ್ತಿದ್ದೆಯಲ್ಲ.’

ಸುಳ್ಳು ಹೇಳಬಹುದಿತ್ತು. ನನಗೆ ಕಥೆ ಕಟ್ಟಲು ಬರುವುದಿಲ್ಲವೇ? ಆದರೆ ನಿಜವನ್ನೇ ಹೇಳಿದೆ. ‘ಕೊನೆ ಇಲ್ಲ ಕಣೋ. ನಿನ್ನ ಹೂಂ ನಿಂತ ಕೂಡ್ಲೇ ಅಜ್ಜಿ ನಿಲ್ಲಿಸಿಬಿಡ್ತಿದ್ದಳು. ಮುಂದಿಂದು ಅವಳಿಗೂ ಗೊತ್ತಿರಲಿಲ್ಲ.’

ಅವನು ನಕ್ಕ ಹಾಗೆ ಕಂಡಿತು. ಗಾಜಿನಲ್ಲಿ ನನ್ನ ಮುಖವೇ ಅಡ್ಡ ಇತ್ತು.

‘ಹಾಗಾದ್ರೆ ನಡೀಲಿ’ ಅಂದ. ‘ನಿಲ್ಲೋ ತನಕ.’

ನಡೆಸಿದೆ. ಅಲೆಯ ಮೇಲೆ ಅಲೆ. ಹೂಂ ಸಣ್ಣದಾಯಿತು, ದೂರದೂರವಾಯಿತು, ನಿಂತಿತು. ನಾನು ಗಾಜು ಬಡಿದೆ. ನರ್ಸಮ್ಮ ಓಡಿ ಬಂದು ನಾಡಿ ನೋಡಿ, ನಿದ್ದೆ ಮಾಡಿದ್ದಾರೆ ಅಂದರು.

‘ಖಂಡಿತಾನಾ?’

‘ಖಂಡಿತ.’

ಅಲ್ಲೇ ನಿಂತಿದ್ದೆ. ಎದೆ ಏರಿಳಿಯುವುದನ್ನು ನೋಡುತ್ತ.

ಏಪ್ರಿಲ್ ೧೧, ಗುರುವಾರ

ಬೆಳಿಗ್ಗೆ ಹೋದ. ನಾನು ಎದುರಿಗೇ ಇದ್ದೆ. ಎದ್ದು ಬಂದಿರಲಿಲ್ಲ.

ಏಪ್ರಿಲ್ ೨೯, ಸೋಮವಾರ

ಕೆಲಸಕ್ಕೆ ಮರಳಿದೆ. ಕರಿಯಜ್ಜನಿದ್ದ ಜಾಗದಲ್ಲಿ ಮೇಜಿನ ಮೇಲೆ ಚೌಕಾಕಾರದ ಧೂಳಿಲ್ಲದ ಗುರುತು ಮಾತ್ರ ಇದೆ. ಫ್ರೀಜರಿಗೆ ಹೊಸ ಮೋಟರು ಹಾಕಿದ್ದಾರೆ, ಗಂಟೆಯ ತಂತಿ ಜೋಡಿಸಿದ್ದಾರೆ. ಫಾರಮ್ಮಿನ ಚುಕ್ಕೆಯನ್ನು ಸರಿಯಣ್ಣ ಅಂದೇ ಬದಲಿಸಿದ್ದರು. ಈಗ ನಾನು ಲಾಗೌಟ್ ಆದರೂ ಕಾವಲು ನಡೆಯುತ್ತದೆ. ಅವರ ಕೈಯಲ್ಲಿ ತೆರೆಸಿ ನೋಡಿದೆ. ಮುಚ್ಚಿಸಿ ಮತ್ತೆ ತೆರೆಸಿ ನೋಡಿದೆ. ಲ್ಯಾಬಿನವಳ ಹತ್ತಿರ ಎರಡೂ ಬಾಗಿಲು ತೆಗೆಸಿದೆ.

ಕಾವಲಿನ ಸಾಲುಗಳ ಕೊನೆಗೆ ನಾನೊಂದು ಸಾಲು ಸೇರಿಸಿದೆ. ಎರಡೂ ಫ್ರೀಜರು ಸರಿಯಿದ್ದರೆ ಸುಮ್ಮನಿರಬೇಡ, ಪ್ರತಿ ಸಲವೂ ಒಂದು ಮಾತು ಬರಿ, ಇಲ್ಲೂ ಬರಿ, ಗೇಟಿನಲ್ಲಿ ಈಗ ಹೊಸದಾಗಿ ಇಟ್ಟಿರುವ ಪರದೆಯಲ್ಲೂ ಬರಿ ಎಂದು. ಆ ಕಪ್ಪು ಕಿಟಕಿಗೆ ನಮ್ಮ ಅಕ್ಷರ ಸರಿಯಾಗಿ ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಹೂಂ ಎಂದು ಬರೆಸಿದೆ.

ಸರಿಯಣ್ಣ ಬಗ್ಗಿ ನೋಡಿದರು. ‘ಮೇಡಂ, ಎಲ್ಲ ಸರಿಯಿದ್ದಾಗಲೂ ಇದು ಯಾಕೆ ಬರೀತಾ ಇರ್ಬೇಕು? ಪರದೆ ತುಂಬ್ಕೊಳ್ಳುತ್ತೆ.’

‘ತುಂಬ್ಲಿ ಬಿಡಿ.’

‘ನೀವೇ ಅಲ್ವಾ ಹೊಸದು ಬಾಯಿಬಡುಕ ಅಂದಿದ್ದು?’

ಹಾಗೆ ಅಂದಿದ್ದೆನೇ? ನೆನಪಾಗಲಿಲ್ಲ. ‘ಇದು ನಿಂತರೆ ಗೇಟಿನವರು ಬಂದು ನೋಡ್ತಾರೆ ಅಲ್ವಾ?’ ಅಂದೆ.

‘ನೋಡ್ತಾರೆ. ಹೇಳಿದ್ದೀನಿ.’

‘ಖಂಡಿತಾನಾ?’

‘ಖಂಡಿತ, ಮೇಡಂ.’

‘ನಿಜವಾಗ್ಲೂ ಖಂಡಿತಾನಾ?’

ಅವರು ನನ್ನ ಕುರ್ಚಿಯನ್ನು ಮೆಲ್ಲಗೆ ಒಳಗೆ ತಳ್ಳಿದರು. ಪಾಪ, ಅವರಿಗೂ ಸುಸ್ತಾಗಿದೆ.

ಎಲ್ಲರೂ ಹೋದ ಮೇಲೆ ಸ್ವಲ್ಪ ಹೊತ್ತು ನಿಂತು ಪರದೆ ನೋಡಿದೆ. ಹೂಂ. ಅದರ ಕೆಳಗೆ ಹೂಂ. ತುಸು ತಡೆದು ಮತ್ತೊಂದು. ಪ್ರತಿ ಸಲವೂ ನಾನು ಮುಂದಿನದಕ್ಕೆ ಉಸಿರು ಹಿಡಿದು ಕಾಯುತ್ತಿದ್ದೆ, ಪ್ರತಿ ಸಲವೂ ಅದು ಬಂತು. ದೀಪ ಆರಿಸಿ ಬಾಗಿಲು ಎಳೆದುಕೊಳ್ಳುವಾಗಲೂ ಅನ್ನುತ್ತಲೇ ಇತ್ತು. ಅದಕ್ಕೆ ಹೇಳಲು ನನ್ನ ಬಳಿ ಕಥೆಯಿರಲಿಲ್ಲ.